ಮಾಚೇನಹಳ್ಳಿಯ ಬಳಿ ಹಿಮಪಾತ

ಈ ವರ್ಷದ ಜನವರಿ ಹನ್ನೊಂದು, ಭಾನುವಾರ. ಆಧಾರ: ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರು. ಅಂದು ಶಿವಮೊಗ್ಗದ ವಿದ್ಯಾನಗರದಲ್ಲಿ ಹಿಮ ಬಿದ್ದಿರಲಿಲ್ಲ. ಹಿಂದಿನ ದಿನವೂ ಬಿದ್ದಿರಲಿಲ್ಲ. ನಾನು ನೋಡಿರುವ ಯಾವ ದಾಖಲೆಯಲ್ಲಿಯೂ, ಯಾವ ಶತಮಾನದಲ್ಲಿಯೂ ಈ ಊರಿನಲ್ಲಿ ಹಿಮ ಬಿದ್ದ ಉಲ್ಲೇಖವಿಲ್ಲ. ಸಂಗತಿ ಇಷ್ಟು ಖಚಿತವಾಗಿದ್ದರೂ ಅಂದು ಬೆಳಗ್ಗೆ ಇಡೀ ವಿದ್ಯಾನಗರದಲ್ಲಿ ಒಬ್ಬನೇ ಒಬ್ಬ ಮನುಷ್ಯ ಹಿಮಪಾತಕ್ಕೆ ಸರ್ವಸನ್ನದ್ಧನಾಗಿದ್ದ. ಅವನು ನನ್ನ ಷಡ್ಡಕ!

ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ನಮ್ಮ ಮನೆಯಿಂದ ಮೂರನೆಯ ಮನೆ ಅವನದು. ಆ ಮನೆಯ ಮುಂದೆ ಇಳಿಜಾರಿನ ರಸ್ತೆಯಲ್ಲಿ ಒಂದು ಬಿಳಿ ವ್ಯಾನು ನಿಂತಿರುತ್ತದೆ. ಅದರ ಗಾಜೊರೆಸುವ ಎರಡೂ ಕಡ್ಡಿಗಳನ್ನು ಪ್ರತಿದಿನ ಸಂಜೆ ಅವನು ನೆಟ್ಟಗೆ ಮೇಲೆತ್ತಿ ನಿಲ್ಲಿಸುತ್ತಾನೆ. ಏಕೆಂದರೆ ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅವು ಹಿಮದಿಂದ ಗಾಜಿಗೆ ಅಂಟಿಕೊಳ್ಳುತ್ತವೆ! ಏಪ್ರಿಲ್ ತಿಂಗಳಿನಲ್ಲಿಯೂ, ಫ್ಯಾನಿನ ಕೆಳಗೆ ನಾವೆಲ್ಲ ಬೆವರುತ್ತ ಬಿದ್ದಿರುವಾಗಲೂ, ಆ ವ್ಯಾನು ಪೊಲೀಸರಿಗೆ ಶರಣಾದ ಕಳ್ಳನಂತೆ ಎರಡೂ ಕೈ ಎತ್ತಿ ನಿಂತಿರುತ್ತದೆ.

ಅವನು ಹಿಮಾಚಲದ ಗುಡ್ಡಗಳಲ್ಲಿ ಲಾರಿ ಓಡಿಸಿ ಬಂದವನು. ಗ್ಯಾಸ್ ಸಿಲಿಂಡರು, ಗೋಧಿಹಿಟ್ಟು, ಔಷಧಿಗಳನ್ನು ತುಂಬಿಕೊಂಡು ಹಿಮದ ದಾರಿಯಲ್ಲಿ ಊರೂರಿಗೆ ತಲುಪಿಸುವ ಕೆಲಸ. ಬೇಸಿಗೆಯಲ್ಲಿ ಒಂದು ತಿಂಗಳು ಮನೆಗೆ ಬಂದು, ಸಂತೆಗೆ ಬಂದವನಂತೆ ಹೋಗಿಬಿಡುತ್ತಿದ್ದ. ಈಗ ಆರು ವರ್ಷದಿಂದ ಇಲ್ಲಿಯೇ ಇದ್ದು, ಶಿವಮೊಗ್ಗದ ಒಂದು ಸಗಟು ಔಷಧ ಅಂಗಡಿಯಿಂದ ಭದ್ರಾವತಿಯ ಮೆಡಿಕಲ್ ಶಾಪುಗಳಿಗೆ ಮಾಲು ತಲುಪಿಸುತ್ತಾನೆ. ಹಿಮಾಚಲದಲ್ಲಿ ಎಷ್ಟು ಕಾಲ ಇದ್ದೆ ಎಂದು ಕೇಳಿದರೆ "ಇಪ್ಪತ್ತೆರಡು ಚಳಿಗಾಲ" ಎನ್ನುತ್ತಾನೆ. ನಾನು ಮೂವತ್ತು ವರ್ಷ ಶಾಸನಗಳ ಕಾಲನಿರ್ಣಯ ಮಾಡಿ ನಿವೃತ್ತನಾದವನು. ಕಲ್ಲಿನಲ್ಲಿ ಕೊರೆದ ತಿಥಿಗೂ ವಾರಕ್ಕೂ ಹೊಂದಿಕೆಯಾಗದಿದ್ದರೆ ನನಗೆ ಅಂದಿನ ಊಟ ಸೇರುತ್ತಿರಲಿಲ್ಲ. ಅವನ ಮದುವೆಯ ಕರೆಯೋಲೆ, ನಾದಿನಿ ಜೋಪಾನವಾಗಿಟ್ಟಿದ್ದ ಕಾಗದಗಳು ಎಲ್ಲವನ್ನೂ ತಾಳೆ ನೋಡಿ ಒಂದು ದಿನ ತೀರ್ಪು ಕೊಟ್ಟೆ:

"ಇಪ್ಪತ್ತೆರಡಲ್ಲ. ಮೊದಲನೆಯ ವರ್ಷ ನೀನು ಹೋದದ್ದೇ ಜನವರಿ ಕೊನೆಗೆ. ಇಪ್ಪತ್ತೊಂದೂವರೆ."

ಅವನು ಕಾಫಿಯ ಲೋಟದಿಂದ ತಲೆಯನ್ನೂ ಎತ್ತಲಿಲ್ಲ.

"ಅರ್ಧ ಚಳಿಗಾಲ ಅಂತ ಇರಲ್ಲ ಭಾವ. ಅಲ್ಲಿ ಕಾಲಿಟ್ರೆ ಪೂರ್ತಿನೇ."

ಇದಕ್ಕೆ ಯಾವ ಆಧಾರಗ್ರಂಥದಿಂದ ಉತ್ತರ ಕೊಡಲಿ?

ಆ ವ್ಯಾನಿನ ಒಳಗಿರುವ ಸಾಮಗ್ರಿಗಳನ್ನು ನಾನೇ ಒಮ್ಮೆ ಪಟ್ಟಿ ಮಾಡಿದ್ದೇನೆ. ಒಂದು ಸಲಿಕೆ. ಒಂದು ಚೀಲ ಮರಳು. ಎರಡು ಕಂಬಳಿ. ಬಿಸಿನೀರಿನ ಫ್ಲಾಸ್ಕು. ದಾರಿ ಮುಚ್ಚಿಹೋದರೆ ಮೂರು ದಿನಕ್ಕಾಗುವಷ್ಟು ಕಡಲೆಚಿಕ್ಕಿ. ಕೆಂಪು ಬಟ್ಟೆ, ಟಾರ್ಚು, ಆಳೆತ್ತರದ ಒಂದು ಬಿದಿರು ಕೋಲು. ಇವೆಲ್ಲದರ ಮೇಲೆ, ಹೆಡೆ ಮಡಚಿ ಮಲಗಿದ ಹಾವಿನಂತೆ ಒಂದು ಕಬ್ಬಿಣದ ಸರಪಳಿ. ಹಿಮದಲ್ಲಿ ಚಕ್ರ ಜಾರದಂತೆ ಟೈರಿಗೆ ಸುತ್ತುವ ಸರಪಳಿಯಂತೆ ಅದು. ಸ್ವಾರಸ್ಯವೇನೆಂದರೆ ಅದು ಅವನ ಹಳೆಯ ಲಾರಿಯ ಟೈರಿನ ಅಳತೆಯದು. ಹಿಮ ಬೀಳದ ಊರಿನಲ್ಲಿ, ಹೊಂದದ ಗಾಡಿಯಲ್ಲಿ, ಆರು ವರ್ಷದಿಂದ ಪ್ರತಿದಿನ ಆ ಸರಪಳಿ ಭದ್ರಾವತಿಗೆ ಹೋಗಿ ಬರುತ್ತಿತ್ತು! ಹೋಗುವ ದೂರವಾದರೂ ಎಷ್ಟು? ಮಾಚೇನಹಳ್ಳಿಯ ಮೇಲೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು.

ಒಮ್ಮೆ ಬೈಪಾಸಿನ ಬಳಿ ತಪಾಸಣೆಗೆ ನಿಲ್ಲಿಸಿದ ಪೊಲೀಸರೊಬ್ಬರು ಹಿಂಬಾಗಿಲು ತೆಗೆಸಿ ದಂಗಾದರಂತೆ.

"ಏನ್ರೀ ಇದು, ಸರಪಳಿ, ಸಲಿಕೆ, ಮರಳು, ಕಂಬಳಿ... ಎಲ್ಲಿಗೆ ಹೊರಟಿದ್ದೀರಿ, ಹಿಮಾಲಯಕ್ಕಾ?"

"ಇಲ್ಲ ಸಾರ್, ಅಲ್ಲಿಂದ ಬಂದಿದ್ದು. ಈಗ ಭದ್ರಾವತಿಗೆ ಹೋಗ್ತಾ ಇದ್ದೀನಿ."

ಅವರು ಇವನ ಬಾಯಿಗೆ ಯಂತ್ರ ಹಿಡಿದು ಎರಡು ಸಲ ಊದಿಸಿ, ಏನೂ ಸಿಗದೆ ನಿರಾಶರಾಗಿ ಕಳಿಸಿದರಂತೆ.

ಔಷಧಗಳಲ್ಲಿ ಇನ್ಸುಲಿನ್ ಎಂಬುದನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಒಯ್ಯಬೇಕು. ಬಿಸಿ ತಾಕಿದರೆ ಕೆಟ್ಟಿತು. ಆ ಡಬ್ಬಿಯನ್ನು ಅವನು ತನ್ನ ಪಕ್ಕದ ಸೀಟಿನಲ್ಲಿಯೇ ಇಟ್ಟು, ಕಂಬಳಿ ಹೊದಿಸಿ, ಬೆಲ್ಟು ಕಟ್ಟುತ್ತಾನೆ. "ಆಗ ಹಿಮ ಹೊರಗಿತ್ತು, ನಾನು ಒಳಗಿದ್ದೆ. ಈಗ ಅದನ್ನೇ ಒಳಗೆ ಕೂರಿಸ್ಕೊಂಡು ಕಾಯ್ತಾ ಇದ್ದೀನಿ ನೋಡಿ ಭಾವ!" ಎಂದು ನಗುತ್ತಾನೆ. ಭದ್ರಾವತಿಯ ಹಳೇನಗರದಲ್ಲಿ ಆ ಡಬ್ಬಿಯನ್ನು ಇಳಿಸಿಕೊಳ್ಳುವ ಮೆಡಿಕಲ್ ಶಾಪಿನ ಸಾಹೇಬರು ಪ್ರತಿದಿನವೂ ಒಂದೇ ಪ್ರಶ್ನೆ ಕೇಳುತ್ತಾರಂತೆ: "ಏನ್ ಭಾಯ್, ಮಾಚೇನಹಳ್ಳಿ ಹತ್ರ ಬರ್ಫ್ ಬಿದ್ದಿತ್ತಾ?" ಇವನದೂ ಒಂದೇ ಉತ್ತರ: "ಇವತ್ತಿಲ್ಲ ಸಾಹೇಬ್ರೆ. ನಾಳೆ ನೋಡೋಣ."

ಅವನ ಕತೆಗಳಲ್ಲಿ ನಾನು ತಕರಾರಿಲ್ಲದೆ ಒಪ್ಪಿದ್ದು ಒಂದನ್ನು ಮಾತ್ರ. ಹಿಮಗಾಳಿ ಎದ್ದಾಗ ರಸ್ತೆಯೂ ಬಿಳಿ, ಪಕ್ಕದ ಕಣಿವೆಯೂ ಬಿಳಿಯಂತೆ. ಆಗ ಗಾಡಿಯಲ್ಲಿರುವ ಇಬ್ಬರಲ್ಲಿ ಒಬ್ಬ ಇಳಿದು, ಕೋಲಿನಿಂದ ನೆಲ ತಟ್ಟುತ್ತ ಮುಂದೆ ನಡೆಯಬೇಕು. ಇನ್ನೊಬ್ಬ ಅವನ ಬೆನ್ನನ್ನೇ ನೋಡುತ್ತ ಲಾರಿ ತರಬೇಕು. ಆದ್ದರಿಂದ ಅವನ ಟ್ರಿಪ್ ಪುಸ್ತಕದಲ್ಲಿ ತಾರೀಖು, ಹೊತ್ತು, ಮಾಲು, ದಾರಿ ಎಂಬ ಅಂಕಣಗಳ ಕೊನೆಯಲ್ಲಿ ಮತ್ತೊಂದು ಅಂಕಣವಿದೆ: 'ಮುಂದೆ ನಡೆದವರು'. "ಓಡಿಸಿದವನ ಹೆಸರು ಎಲ್ಲರೂ ಬರೀತಾರೆ ಭಾವ. ಜೀವ ಒತ್ತೆ ಇಟ್ಟು ನಡೆದವನ ಹೆಸರು ಬರೀಬೇಕಲ್ವಾ?" ಎನ್ನುತ್ತಾನೆ. ಇಂಥ ದಾಖಲೆಯ ಪದ್ಧತಿಗೆ ನಾನು ತಲೆಬಾಗದಿರಲು ಸಾಧ್ಯವೇ? ಇಲ್ಲಿಗೆ ಬಂದಮೇಲೂ ಅವನು ಅದೇ ಅಂಕಣಗಳ ಪುಸ್ತಕ ಬರೆಯುತ್ತಾನೆ. ಕೊನೆಯ ಅಂಕಣದಲ್ಲಿ ಮಾತ್ರ ಆರು ವರ್ಷದಿಂದಲೂ ಒಂದೊಂದು ಅಡ್ಡಗೆರೆ.

ಈಗ ಆ ಭಾನುವಾರಕ್ಕೆ ಬರುತ್ತೇನೆ. (ಅದು ಸೋಮವಾರವೆಂದು ನನ್ನ ಹೆಂಡತಿಯ ವಾದ. ಆದರೆ ಗ್ಯಾಸ್ ಸಿಲಿಂಡರು ಬಂದ ಮರುದಿನ ಅದು ನಡೆಯಿತೆಂದು ಅವಳೇ ಒಪ್ಪುತ್ತಾಳೆ. ಸಿಲಿಂಡರು ಬಂದ ಶನಿವಾರಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿರುವವಳೂ ಅವಳೇ.) ನನ್ನ ಷಡ್ಡಕ ಗಾಡಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕು ಹಾಕುವುದಿಲ್ಲ. ಹಿಮದಲ್ಲಿ ಅದು ಹಿಡಿದುಕೊಂಡು ಬೆಳಗ್ಗೆ ಬಿಡುವುದಿಲ್ಲವಂತೆ. ಗೇರಿನಲ್ಲಿಯೂ ನಿಲ್ಲಿಸುವುದಿಲ್ಲ. ಚಳಿಗೆ ಬ್ಯಾಟರಿ ಸತ್ತರೆ ಇಳಿಜಾರಿನಲ್ಲಿ ಉರುಳಿಸಿಯೇ ಎಂಜಿನ್ನು ಎಬ್ಬಿಸಬೇಕಲ್ಲ! ಹಾಗಾಗಿ ಮೂತಿ ಇಳಿಜಾರಿಗೆ, ಮುಂದಿನ ಚಕ್ರಕ್ಕೆ ಒಂದು ದಪ್ಪ ಕಲ್ಲು. ಇಷ್ಟೇ ಅವನ ಬ್ರೇಕು.

ಪಕ್ಕದ ಮನೆಯ ಅಜ್ಜಿ ಅಂದು ಬಾಳಕದ ಮೆಣಸಿನಕಾಯಿ ಒಣಗಿಸಲು ಹಳೆಯ ಸೀರೆಯೊಂದನ್ನು ಅಂಗಳದಲ್ಲಿ ಹಾಸಿದ್ದರು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲು ಬೇಕು. ಮೂರು ಸಿಕ್ಕಿದ್ದವು. ನಾಲ್ಕನೆಯದಕ್ಕಾಗಿ ಅತ್ತಿತ್ತ ನೋಡಿದರು. ಯಾವ ಕೆಲಸವೂ ಇಲ್ಲದೆ ಚಕ್ರದ ಕೆಳಗೆ ಸುಮ್ಮನೆ ಬಿದ್ದಿರುವ ಕಲ್ಲೊಂದು ಕಂಡಿತು! ಅಜ್ಜಿ ಅದನ್ನು ಅಲುಗಿಸಿ, ಎಳೆದು, ಸೆರಗಿನಲ್ಲಿ ಹಿಡಿದು ಒಳಗೆ ಹೋದರು. ಮೆಣಸಿನಕಾಯಿಗಳು ಭದ್ರವಾದವು.

ಎರಡೇ ನಿಮಿಷ. "ಅಯ್ಯೋ ಮಾರಾಯ್ತಿ, ಗಾಡಿ ನಡೀತಾ ಇದೆ! ಒಳಗೆ ಯಾರೂ ಇಲ್ಲ!" ಎಂಬ ಅಜ್ಜಿಯ ಕೂಗಿಗೆ ನಾವೆಲ್ಲ ಹೊರಗೆ ಓಡಿಬಂದೆವು. ಖಾಲಿ ವ್ಯಾನು ಎರಡೂ ಕೈ ಮೇಲೆತ್ತಿಕೊಂಡು, ಆಶೀರ್ವದಿಸುವ ಸ್ವಾಮಿಗಳಂತೆ ನಿಧಾನವಾಗಿ ಬೀದಿಯಲ್ಲಿ ಬಿಜಯಂಗೈಯುತ್ತಿತ್ತು. ಯಾರಿಗೂ ಏನೂ ಆಗಲಿಲ್ಲ. ಕೆಳಗಿನ ತಿರುವಿನಲ್ಲಿದ್ದ ನಮ್ಮ ಮನೆಯ ಗೇಟನ್ನು ಮುರಿದು, ಒಳಗೆ ಬಂದು, ನನ್ನ ದಾಸವಾಳದ ಗಿಡಕ್ಕೆ ಒರಗಿ ನಿಂತಿತು.

ನಾವು ನಕ್ಕೆವು. ನಾದಿನಿ ನಗಲಿಲ್ಲ.

ಅಂದು ಮಧ್ಯಾಹ್ನ ಅವಳು ವ್ಯಾನಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಮ್ಮ ಮನೆಗೆ ಬಂದಳು. "ಭಾವ, ಇಪ್ಪತ್ತೆರಡು ಚಳಿಗಾಲ ಫೋನ್ ಹೊಡ್ಕೊಂಡ್ರೆ ಎದೆ ಹೊಡ್ಕೊಳ್ತಿತ್ತು. ಇಲ್ಲಿಗೆ ಬಂದ್ಮೇಲೆ ಸಾಕಪ್ಪ ಅಂದ್ಕೊಂಡೆ. ಈಗ ಮನೆ ಮುಂದೇನೇ ಹೀಗಾದ್ರೆ ರಸ್ತೇಲಿ ಏನ್ ಗತಿ? ಅರವತ್ತೈದಾಯ್ತು ಅವರಿಗೆ. ಕೀಲಿ ನಾನು ಕೊಡಲ್ಲ."

ಅವನು ಮೂಲೆಯಲ್ಲಿ ಕುಳಿತಿದ್ದ. ಪೊಲೀಸರಿಗೂ ಸಾಹೇಬರಿಗೂ ಉತ್ತರ ಕೊಟ್ಟವನು ತನ್ನ ಎರಡು ಅಂಗೈಗಳನ್ನು ತೊಡೆಯ ಮೇಲೆ ಮಗುಚಿ ನೋಡುತ್ತಿದ್ದ. ಸ್ಟಿಯರಿಂಗು ಹಿಡಿಯದ ಆ ಕೈಗಳನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ಎಡಗೈಯ ಎರಡು ಬೆರಳುಗಳ ತುದಿಗಳು ಹಿಂದೆಂದೋ ಹಿಮದ ಚಳಿಗೆ ಸೆಟೆದು ಕಪ್ಪಾಗಿದ್ದವು.

ಕೊನೆಗೆ ನಾದಿನಿಯೇ ದಾರಿ ಹುಡುಕಿದಳು. "ನೀವು ಯಾವುದನ್ನೂ ಪರೀಕ್ಷೆ ಮಾಡ್ದೆ ಒಪ್ಪಲ್ಲ. ಒಂದಿನ ಅವರ ಜೊತೆ ಹೋಗಿ ಬನ್ನಿ. ನೀವು ಓಡಿಸಬಹುದು ಅಂದ್ರೆ ಓಡಿಸ್ಲಿ. ಬೇಡ ಅಂದ್ರೆ ನಾಳಿದ್ದೇ ಗಾಡಿ ಮಾರಿಬಿಡ್ತೀನಿ."

ಹೀಗೆ ನಾನು ಏಕಸದಸ್ಯ ಆಯೋಗವಾದೆ. ಹೊಸ ನೋಟುಪುಸ್ತಕವೊಂದನ್ನು ಕೊಂಡೆ. ಕಾರು ಓಡಿಸಲು ಬಾರದ, ಬಸ್ಸಿನಲ್ಲಿಯೂ ಕಿಟಕಿಯ ಪಕ್ಕ ಕುಳಿತರೆ ಕಣ್ಣು ಮುಚ್ಚುವ ಮನುಷ್ಯ ಇಂಥ ಆಯೋಗಕ್ಕೆ ಅರ್ಹನೇ ಎಂದು ಯಾರೂ ಕೇಳಲಿಲ್ಲ. ಆಯೋಗಗಳ ವಿಷಯದಲ್ಲಿ ಯಾರು ತಾನೆ ಕೇಳುತ್ತಾರೆ?

ಮಂಗಳವಾರ ಬೆಳಗ್ಗೆ ಆರೂವರೆಗೆ ಹೊರಟೆವು. ಇನ್ಸುಲಿನ್ ಡಬ್ಬಿ ನನ್ನ ತೊಡೆಯ ಮೇಲಿತ್ತು, ಏಕೆಂದರೆ ಅದರ ಸೀಟನ್ನು ನಾನು ಆಕ್ರಮಿಸಿದ್ದೆ. ಮಲವಗೊಪ್ಪ ದಾಟುವವರೆಗೆ ಎಲ್ಲವೂ ಸರಿಯಾಗಿತ್ತು. 'ವೇಗ ಮಿತ. ತಿರುವಿನಲ್ಲಿ ಹಾರ್ನ್ ಮಾಡುತ್ತಾನೆ' ಎಂದು ಬರೆದುಕೊಂಡೆ. ಆಮೇಲೆ ಮಂಜು ಕವಿಯತೊಡಗಿತು. ಮೊದಲು ಗದ್ದೆಗಳು ಹೋದವು. ಆಮೇಲೆ ರಸ್ತೆಬದಿಯ ಮರಗಳು ಹೋದವು. ಮಾಚೇನಹಳ್ಳಿ ಹಿಂದಾಗುವ ಹೊತ್ತಿಗೆ ನಮ್ಮ ವ್ಯಾನಿನ ಮೂತಿಯೂ ಅನುಮಾನಾಸ್ಪದವಾಯಿತು!

ಅವನು ರೇಡಿಯೋ ಆರಿಸಿ, ಎರಡೂ ಕಿಟಕಿ ಇಳಿಸಿದ. ಗಾಡಿ ನಡಿಗೆಯ ವೇಗಕ್ಕೆ ಬಂತು.

"ಚಳಿ ಕಣೋ!" ಎಂದೆ.

"ಕಣ್ಣು ನಡೀದೇ ಇದ್ದಾಗ ಕಿವಿ ಭಾವ. ಕಿವಿ ನಡೀದಿದ್ರೆ ಮೂಗು." ಅವನು ಗಾಳಿಯನ್ನು ಎರಡು ಸಲ ಮೂಸಿದ. "ಕಬ್ಬು."

"ಸಂಕ್ರಾಂತಿ ಸಮೀಪಿಸಿದೆ. ಕಬ್ಬಿನ ವಾಸನೆ ಎಲ್ಲೆಡೆ ಸಹಜ."

"ಸಹಜ. ಆದ್ರೆ ರಸ್ತೆ ಮಧ್ಯೆ ಯಾಕೆ?"

ಅವನು ಎಡಕ್ಕೆ ಪೂರ್ತಿ ಒತ್ತಿ ಗಾಡಿ ನಿಲ್ಲಿಸಿಯೇಬಿಟ್ಟ. ಮಿಣುಕುದೀಪ ಹಾಕಿದ. ಬಿದಿರು ಕೋಲನ್ನು ನನ್ನ ಕೈಗಿಟ್ಟ. "ಭಾವ, ಇಳಿದು ಮುಂದೆ ನಡೀರಿ. ನೆಲ ತಟ್ತಾ ಹೋಗಿ. ನಾನು ನಿಮ್ಮ ಬೆನ್ನು ನೋಡ್ಕೊಂಡು ಬರ್ತೀನಿ."

ನಾನು ಇಳಿದೆ. ಒಂದು ಹೆಜ್ಜೆ, ಎರಡು, ಮೂರು, ನಾಲ್ಕು. ಹಿಂದಿರುಗಿ ನೋಡಿದರೆ ವ್ಯಾನಿಲ್ಲ, ಮಿಣುಕುದೀಪ ಮಾತ್ರ. ಕೆಳಗೆ ನೋಡಿದರೆ ಮೊಳಕಾಲಿನಿಂದಾಚೆಗೆ ನಾನೇ ಇಲ್ಲ. ಎಲ್ಲಿಯೋ ಒಂದು ಹಾರ್ನು ಕೇಳಿತು. ಮುಂದೋ ಹಿಂದೋ ಹೇಳುವಂತಿರಲಿಲ್ಲ. ನನ್ನ ಕಾಲುಗಳು ನನ್ನನ್ನು ಕೇಳದೆ ತಿರುಗಿ, ಮಿಣುಕುದೀಪದ ಕಡೆಗೆ ಓಡಿ, ಸೀಟಿನಲ್ಲಿ ಕೂರಿಸಿ, ಡಬ್ಬಿಯನ್ನು ಎದೆಗವಚಿಸಿದವು. ಅವನು ನನ್ನ ಕೈಯಿಂದ ಕೋಲು ತೆಗೆದುಕೊಂಡು ತಾನೇ ಹೋದ.

ಏಳೆಂಟು ಹೆಜ್ಜೆಗಳಾಗಿರಬಹುದು. 'ಠಣ್' ಎಂಬ ಸದ್ದು.

ಅದು ಲಾರಿ. ನಾಲೆಯ ನೀರು ಹರಿದು ಕೆಸರಾಗಿದ್ದ ರಸ್ತೆಯಂಚಿನಲ್ಲಿ ಹಿಂದಿನ ಚಕ್ರ ಹೂತು, ಹಬ್ಬದ ಕಬ್ಬು ಹೊತ್ತುಕೊಂಡು, ಒಂದು ದೀಪವೂ ಇಲ್ಲದೆ ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಹಿಂದಕ್ಕೆ ಚಾಚಿಕೊಂಡಿದ್ದ ಕಬ್ಬಿನ ಜಲ್ಲೆಗಳು ಸರಿಯಾಗಿ ನಮ್ಮ ಗಾಜಿನ ಎತ್ತರಕ್ಕಿದ್ದವು. ನಾವು ಇನ್ನೊಂದಿಷ್ಟು ಮುಂದೆ ಹೋಗಿದ್ದರೆ ಈ ಪ್ರಬಂಧವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು.

ಆದರೆ ಅವನು ನಿಲ್ಲಲಿಲ್ಲ. ಕೆಂಪು ಬಟ್ಟೆ, ಟಾರ್ಚು ಹಿಡಿದು ನಮ್ಮ ಹಿಂದಿನ ದಿಕ್ಕಿಗೆ ಓಡಿದ. ಅರವತ್ತೈದರ ಮನುಷ್ಯ! ಸ್ವಲ್ಪ ಹೊತ್ತಿನಲ್ಲಿ ಬ್ರೇಕು ಕಿರುಚಿದ ಸದ್ದು ಕೇಳಿತು. ಬಸ್ಸೊಂದು ನಿಂತಿತ್ತು.

"ಯಾವನಯ್ಯಾ ಅದು! ಸಾಯೋಕೆ ನನ್ನ ಬಸ್ಸೇ ಬೇಕಾಗಿತ್ತಾ?" ಎಂದು ಬಸ್ಸಿನ ಡ್ರೈವರು ಗುಡುಗುತ್ತ ಇಳಿದುಬಂದ. ಷಡ್ಡಕ ಅವನ ಕೈಹಿಡಿದು ಕರೆತಂದು ಲಾರಿಯ ಬೆನ್ನನ್ನು ತೋರಿಸಿದ. ಆ ಮನುಷ್ಯ ಕಬ್ಬಿನ ತುದಿಗಳನ್ನು ನೋಡಿದ, ಬಸ್ಸಿನ ತುಂಬ ಕುಳಿತಿದ್ದವರ ಕಡೆಗೆ ತಿರುಗಿ ನೋಡಿದ. ಆಮೇಲೆ ತಾನೇ ಆ ಕೆಂಪು ಬಟ್ಟೆ ಇಸಿದುಕೊಂಡು ರಸ್ತೆಯಲ್ಲಿ ನಿಂತ.

ಇನ್ನು ಸರಪಳಿಯ ಸರದಿ. ಹೂತ ಚಕ್ರದ ಮುಂದೆ ಸಲಿಕೆ ಆಡಿಸಿ, ಮರಳು ಸುರಿದು, ಅವನು ಅದನ್ನು ಜಣಜಣ ಎಳೆದು ತಂದ. ಭದ್ರಾವತಿಯ ಕಾರ್ಖಾನೆ ಕಾಲೊನಿಯ ಲಾರಿ ಡ್ರೈವರು ಬಾಯಿ ತೆರೆದು ನಿಂತಿದ್ದ.

"ಅಣ್ಣೇ, ಇದು ಏನು ಸರಪಳಿ? ಸಕ್ರೆಬೈಲು ಕ್ಯಾಂಪ್ ಆನೆದಾ?"

"ನಿನ್ನ ಆನೇದೇ ಕಣಪ್ಪ. ಹತ್ತು, ಸ್ಟಾರ್ಟ್ ಮಾಡು."

ಆರು ವರ್ಷ ಯಾವ ಚಕ್ರಕ್ಕೂ ಹೊಂದದೆ ಎಲ್ಲರ ನಗೆಗೀಡಾಗಿದ್ದ ಆ ಸರಪಳಿ ಲಾರಿಯ ಟೈರಿನ ಸುತ್ತ ಅಳತೆ ಕೊಟ್ಟು ಮಾಡಿಸಿದಂತೆ ಕುಳಿತಿತು! ಎಂಜಿನ್ನು ಗುಟುರು ಹಾಕಿತು. ಚಕ್ರ ಒಮ್ಮೆ ಜಾರಿ, ಮರಳನ್ನು ಕಚ್ಚಿ, ಮೇಲೆ ಬಂತು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಲಾರಿಯವನು ಒಂದು ಹೊರೆ ಕಬ್ಬನ್ನು ನಮ್ಮ ವ್ಯಾನಿಗೆ ತುರುಕಿದ. ಬೇಡವೆಂದರೂ ಕೇಳಲಿಲ್ಲ.

ಹಳೇನಗರ ತಲುಪಿದಾಗ ಸಾಹೇಬರು ಅಂಗಡಿಯ ಮೆಟ್ಟಿಲಿನಲ್ಲಿಯೇ ನಿಂತಿದ್ದರು. "ಏನ್ ಭಾಯ್, ಒಂದು ಗಂಟೆ ಲೇಟು! ಮೂರು ಜನ ವಾಪಸ್ ಹೋದ್ರು. ಮಾಚೇನಹಳ್ಳಿ ಹತ್ರ ಬರ್ಫ್ ಬಿದ್ದಿತ್ತಾ?"

ಷಡ್ಡಕ ಮೊಳಕಾಲಿನವರೆಗೆ ಕೆಸರಾಗಿದ್ದ. ಡಬ್ಬಿಯ ಮುಚ್ಚಳ ತೆರೆದು ತೋರಿಸಿದ. ಒಳಗೆ ಮಂಜುಗಡ್ಡೆ ಕರಗಿರಲಿಲ್ಲ.

"ಬಿತ್ತು ಸಾಹೇಬ್ರೆ. ಇವತ್ತು ಬಿತ್ತು."

ಸಾಹೇಬರು ನಗಲು ಹೋಗಿ, ಅವನ ಕಾಲುಗಳನ್ನು ನೋಡಿದರು. "ಬನ್ನಿ, ಮೊದ್ಲು ಚಾಯ್ ಕುಡೀರಿ" ಎಂದು ತಾವೇ ಕುರ್ಚಿ ಎಳೆದರು.

ಮನೆಗೆ ಬಂದಾಗ ನಾದಿನಿ ಮುರಿದ ಗೇಟಿನ ಬಳಿಯೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ನಾನು ನೋಟುಪುಸ್ತಕ ತೆರೆದು ವರದಿಯ ಪೀಠಿಕೆಯನ್ನು ಓದತೊಡಗಿದೆ. ಅವಳು ತಡೆದಳು.

"ಅದೆಲ್ಲ ಬೇಡ ಭಾವ. ಇನ್ಮೇಲೆ ನಾನು ಹೆದರ್ಕೊಂಡು ಕೂತ್ಕೋಬೇಕಾ, ಬೇಡ್ವಾ? ಅಷ್ಟು ಹೇಳಿ."

"ಬೇಡ" ಎಂದೆ.

ಮೂವತ್ತು ವರ್ಷಗಳ ವೃತ್ತಿಯಲ್ಲಿ ಅಡಿಟಿಪ್ಪಣಿಯಿಲ್ಲದೆ ನಾನು ಕೊಟ್ಟ ಒಂದೇ ಒಂದು ತೀರ್ಮಾನ ಅದು. ಅವಳಿಗೆ ಅರಿವಿಲ್ಲದೆ ಸೊಂಟದ ಕಡೆಗೆ ಕೈ ಹೋಯಿತು. ಕೀಲಿ ಅಲ್ಲಿರಲಿಲ್ಲ, ಬೆಳಗ್ಗೆಯೇ ಕೊಟ್ಟಿದ್ದಳು. ಆಮೇಲೆ ನಕ್ಕಳು. ಹಾಗೆ ಅವಳು ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಯಿತೆಂಬುದಕ್ಕೆ ನನ್ನಲ್ಲಿ ದಾಖಲೆಯಿಲ್ಲ. "ಕಬ್ಬು ಯಾರು ಕೊಟ್ಟಿದ್ದು ಇಷ್ಟೊಂದು? ಊರಿಗೆಲ್ಲ ಹಂಚಬಹುದು ಮಾರಾಯ್ರೆ!" ಎನ್ನುತ್ತ ಕತ್ತಿ ತರಲು ಒಳಗೆ ಹೋದಳು.

ಆಯೋಗದ ಷರತ್ತುಗಳು ಮೂರು. ಹ್ಯಾಂಡ್‌ಬ್ರೇಕು ಕಡ್ಡಾಯ. ಆ ಕಲ್ಲು ಶಾಶ್ವತವಾಗಿ ಅಜ್ಜಿಯ ಮೆಣಸಿನಕಾಯಿಗೆ. ಮಂಜಿನ ತಿಂಗಳುಗಳಲ್ಲಿ ಆಯೋಗವೂ ಜೊತೆಗೆ ಹೋಗತಕ್ಕದ್ದು. ಗಾಜೊರೆಸುವ ಕಡ್ಡಿಗಳ ಬಗ್ಗೆ ಆಯೋಗ ಮೌನ ತಾಳಿತು. ಅವು ಇಂದಿಗೂ ಪ್ರತಿ ಸಂಜೆ ಕೈಯೆತ್ತುತ್ತವೆ. ನಾನು ಸೀಟಿಗೆ ಓಡಿಬಂದ ಸಂಗತಿಯನ್ನು ವರದಿಯಲ್ಲಿ 'ಆಯೋಗವು ಕೆಲಕಾಲ ವಾಹನದಲ್ಲಿದ್ದು ಪರಿಶೀಲನೆ ಮುಂದುವರಿಸಿತು' ಎಂದು ದಾಖಲಿಸಿದ್ದೇನೆ.

ವರದಿಗೆ ಅನುಬಂಧವಾಗಿ ಹೊತ್ತುಗಳನ್ನು ತಾಳೆ ನೋಡಬೇಕೆಂದು ಮರುದಿನ ಅವನ ಟ್ರಿಪ್ ಪುಸ್ತಕವನ್ನು ಕೇಳಿ ತಂದೆ. ಆರು ವರ್ಷಗಳ ಪುಟಗಳನ್ನು ತಿರುಗಿಸಿದೆ. ಭದ್ರಾವತಿ, ಭದ್ರಾವತಿ, ಭದ್ರಾವತಿ. ಕೊನೆಯ ಅಂಕಣದಲ್ಲಿ ಅಡ್ಡಗೆರೆ, ಅಡ್ಡಗೆರೆ, ಅಡ್ಡಗೆರೆ. ಕೊನೆಯ ಪುಟಕ್ಕೆ ಬಂದೆ. ಅಲ್ಲಿರುವುದನ್ನು ಇದ್ದಂತೆಯೇ ನಕಲು ಮಾಡುತ್ತಿದ್ದೇನೆ:

'ಜನವರಿ ೧೩, ಮಂಗಳವಾರ. ಬೆಳಿಗ್ಗೆ ಆರೂವರೆ. ಇನ್ಸುಲಿನ್, ಇತರೆ. ದಾರಿ: ಮಂಜು, ಕಬ್ಬಿನ ಲಾರಿ, ಸರಪಳಿ ಹಾಕಿದೆ. ಮುಂದೆ ನಡೆದವರು: ಭಾವ.'

ನನಗೆ ನೆನಪಿರುವುದು ಬೇರೆ. ನಾನು ನಡೆದದ್ದು ನಾಲ್ಕು ಹೆಜ್ಜೆ. ಹಿಂದಕ್ಕೆ ಓಡಿಬಂದದ್ದೂ ಅಷ್ಟೇ. ತಿದ್ದಲು ಪೆನ್ನು ತೆಗೆದೆ. ತಪ್ಪು ದಾಖಲೆಯನ್ನು ಕಂಡರೆ ಕೈ ತಾನಾಗಿ ಹೋಗುವ ಅಭ್ಯಾಸ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದೆ. ನೆನಪಿಗೂ ದಾಖಲೆಗೂ ವಿರೋಧ ಬಂದಲ್ಲಿ ದಾಖಲೆಯನ್ನೇ ಒಪ್ಪಬೇಕೆಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದವನು ನಾನೇ.